ಸ್ಪೀಕರ್ ಆಗಿದ್ದವರು ಮೇಯರ್ ಯಾಕಾದರು?

"ಹದಿನಾಲ್ಕು ವರ್ಷ ಅಸೆಂಬ್ಲಿ ಸ್ಪೀಕರ್ ಆಗಿದ್ದವರು ಕೊನೆಗೆ ಮೇಯರ್ ಆಗೋದಾ? ಮೆಟ್ಟಿಲು ಇಳಿದ ಹಾಗಲ್ವಾ?" ಸ್ಯಾನ್ ಫ್ರಾನ್ಸಿಸ್ಕೋದ ಬೇ ಬ್ರಿಡ್ಜ್‌ನ ಪಶ್ಚಿಮ ಭಾಗಕ್ಕೆ ವಿಲ್ಲಿ ಬ್ರೌನ್ ಹೆಸರಿದೆ. ಕ್ಯಾಲಿಫೋರ್ನಿಯಾ ರಾಜ್ಯದ ಅಸೆಂಬ್ಲಿ ಸ್ಪೀಕರ್ ಆಗಿದ್ದು, ಆಮೇಲೆ ಈ ಊರಿನ ಮೇಯರ್ ಆದ ಅವರ ಕತೆ ಹೇಳಿದರೆ ನಮ್ಮ ಊರಿಂದ ಬಂದವರು ಹೀಗೇ ಕೇಳುತ್ತಾರೆ. ಬೆಂಗಳೂರಿನ ಒಂದು ವರ್ಷದ ಮೇಯರ್‌ಗಳನ್ನು ನೋಡಿದವರಿಗೆ ಹಾಗೆ ಅನ್ನಿಸದೆ ಇನ್ನೇನು?

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೇಯರನ್ನು ಜನರೇ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಬಜೆಟ್ ಅವರದು, ಆಡಳಿತ ಅವರದು. ಸಣ್ಣ ಮುಖ್ಯಮಂತ್ರಿ ಅಂದುಕೊಳ್ಳಿ.

ಆದರೂ ಬ್ರೌನ್ ಸುಮ್ನೆ ಸ್ಪೀಕರ್ ಕುರ್ಚಿ ಬಿಡುವವರಲ್ಲ. ಟೆಕ್ಸಾಸ್‌ನ ಮಿನಿಯೋಲಾ ಎಂಬ ಸಣ್ಣ ಊರಲ್ಲಿ 1934ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಬೂಟ್ ಪಾಲಿಶ್ ಮಾಡಿ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಕಸ ಗುಡಿಸುವ ಕೆಲಸ ಮಾಡುತ್ತಾ ಓದಿ ವಕೀಲರಾದವರು. 1962ರಲ್ಲಿ ಅಸೆಂಬ್ಲಿ ಚುನಾವಣೆ ಸೋತರು, 1964ರಲ್ಲಿ ಗೆದ್ದರು. 1980ರಲ್ಲಿ ಸ್ಪೀಕರ್ ಆದರು. ಡೆಮಾಕ್ರಾಟ್ ಆಗಿದ್ದರೂ ಆಗ ಅವರಿಗೆ ಸ್ವಂತ ಪಕ್ಷಕ್ಕಿಂತ ರಿಪಬ್ಲಿಕನ್ನರ ಮತಗಳೇ ಜಾಸ್ತಿ ಬಿದ್ದವು! ಅಲ್ಲಿನ ಸ್ಪೀಕರ್ ನಮ್ಮವರಂತೆ ಪಕ್ಷ ಮರೆತು ಕೂರಬೇಕಿಲ್ಲ. ಸಮಿತಿಗಳಿಗೆ ಅಧ್ಯಕ್ಷರು ಯಾರು ಅಂತ ಅವರೇ ತೀರ್ಮಾನಿಸುತ್ತಾರೆ. ಅಂದರೆ ಯಾವ ಮಸೂದೆ ಬದುಕುತ್ತೆ, ಯಾವುದು ಸಾಯುತ್ತೆ ಅನ್ನುವುದರಲ್ಲೂ ಅವರ ಕೈ ಇರುತ್ತದೆ.

ಲೆಕ್ಕ ಹಾಕುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. 1994ರ ಚುನಾವಣೆಯಲ್ಲಿ 80 ಸ್ಥಾನಗಳ ಪೈಕಿ 41 ರಿಪಬ್ಲಿಕನ್ನರ ಪಾಲಾಯಿತು. ಬ್ರೌನ್ ಕತೆ ಮುಗಿಯಿತು ಅಂದುಕೊಂಡರು. ಸ್ಪೀಕರ್ ಆಯ್ಕೆಯನ್ನು ಮತಕ್ಕೆ ಹಾಕಿದ ದಿನ ಪಾಲ್ ಹಾರ್ಚರ್ ಎಂಬ ರಿಪಬ್ಲಿಕನ್ ಸದಸ್ಯ ಪಕ್ಷ ಬಿಟ್ಟು ಬ್ರೌನ್ ಅಂದರು. 40-40, ಸಮ ಸಮ. ಆಮೇಲೆ ಎದುರು ಬಣದ ರಿಚರ್ಡ್ ಮೌಂಟ್‌ಜಾಯ್ ರಾಜ್ಯದ ಮೇಲ್ಮನೆಯಾದ ಸೆನೆಟ್‌ಗೂ ಗೆದ್ದಿದ್ದರು. ಎರಡು ಕಡೆ ಕೂರುವಂತಿಲ್ಲ ಅಂತ ಅವರನ್ನು ಅಸೆಂಬ್ಲಿಯಿಂದ ಹೊರಗೆ ಹಾಕಿಸಿ, 1995ರ ಜನವರಿಯಲ್ಲಿ ಬ್ರೌನ್ ಮತ್ತೆ ಸ್ಪೀಕರ್. ಹಾರ್ಚರ್ ಅವರನ್ನು ಕ್ಷೇತ್ರದ ಮತದಾರರು ಅದೇ ವರ್ಷ ವಾಪಸ್ ಕರೆಸಿಕೊಂಡರು, ಅಂದರೆ ಅವಧಿ ಮುಗಿಯುವ ಮೊದಲೇ ಮತ ಹಾಕಿ ಇಳಿಸಿದರು. ಆ ಹಕ್ಕು ಕ್ಯಾಲಿಫೋರ್ನಿಯಾದವರಿಗೆ ಇದೆ. ರೆಸಾರ್ಟ್ ರಾಜಕೀಯ ಕಂಡ ನಮಗೆ ಅದೊಂದೇ ಹೊಸದು.

ಇಷ್ಟು ಚತುರರನ್ನು ಇಳಿಸಿದ್ದು ಎದುರಾಳಿಗಳಲ್ಲ, ಒಂದು ನಿಯಮ. ಅಸೆಂಬ್ಲಿಯಲ್ಲಿ ಆರೇ ವರ್ಷ ಇರಬಹುದು ಅಂತ 1990ರಲ್ಲಿ ಜನರೇ ಮತ ಹಾಕಿ ಮಿತಿ ತಂದಿದ್ದರು. ಅವರ ಗಡುವು 1996. ಕಾಯುತ್ತಾ ಕೂರಲಿಲ್ಲ. 1995ರ ಕೊನೆಯಲ್ಲಿ ಹಾಲಿ ಮೇಯರ್ ಫ್ರಾಂಕ್ ಜೋರ್ಡನ್ ಅವರನ್ನು ಸೋಲಿಸಿ ಆ ಊರಿನ ಮೊದಲ ಕಪ್ಪು ಮೇಯರ್ ಆದರು.

ಮೇಯರ್‌ಗಿರಿ ಅಷ್ಟು ಸಲೀಸಾಗಿರಲಿಲ್ಲ. ನೂರು ದಿನದಲ್ಲಿ ಸಿಟಿ ಬಸ್ಸು, ರೈಲು ಸರಿಮಾಡುತ್ತೇನೆ ಅಂದಿದ್ದರು. ಆಗಲಿಲ್ಲ. 1998ರಲ್ಲಂತೂ ಹೊಸ ಗಣಕ ವ್ಯವಸ್ಥೆ ಹಾಕಿದಾಗ ಸುರಂಗದ ರೈಲುಗಳು ಅಸ್ತವ್ಯಸ್ತವಾದವು. ಬೇಕಾದವರಿಗೆ ಹುದ್ದೆ ಹಂಚುತ್ತಾರೆ ಅನ್ನುವ ದೂರಂತೂ ಕೊನೆತನಕ ಇತ್ತು. ನನಗೂ ಅದು ಪೂರ್ತಿ ಸುಳ್ಳು ಅನ್ನಿಸುವುದಿಲ್ಲ. ಹಾಗೆ ಅವರು 1996ರಲ್ಲಿ ಪಾರ್ಕಿಂಗ್ ಮತ್ತು ಟ್ರಾಫಿಕ್ ಆಯೋಗಕ್ಕೆ ಹಾಕಿದವರಲ್ಲಿ ವೈನ್ ವ್ಯಾಪಾರದ ಯುವಕನೊಬ್ಬನೂ ಇದ್ದ. 2004ರಲ್ಲಿ ಬ್ರೌನ್ ಇಳಿದಾಗ ಆ ಕುರ್ಚಿಗೆ ಬಂದದ್ದೂ ಅವನೇ, ಗ್ಯಾವಿನ್ ನ್ಯೂಸಮ್. 2019ರಲ್ಲಿ ರಾಜ್ಯದ ಗವರ್ನರ್ ಕೂಡ ಆದ.