ಎಡೆದೊರೆಯ ಎಲ್ಲೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ನಾಡನ್ನು ನಾವೀಗ ರಾಯಚೂರು ದೋಆಬ್ ಎಂದು ಕರೆಯುತ್ತೇವಾದರೂ, ಶಾಸನಗಳಲ್ಲಿ ಬರುವ ‘ಎಡೆದೊರೆ’ ಎಂಬ ಹೆಸರೇ ನನಗೆ ಹೆಚ್ಚು ಆಪ್ತ. ರಾಜೇಂದ್ರ ಚೋಳನ ತಮಿಳು ಶಾಸನಗಳು ತಾನು ಗೆದ್ದ ನಾಡುಗಳಲ್ಲಿ ಬನವಾಸಿಗಿಂತ ಮೊದಲು ಹೇಳುವ ‘ಇಡೈತುರೈನಾಡು’ ಇದೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಪೂರ್ವದಲ್ಲಿ ಆಲಂಪುರದ ಬಳಿ ನದಿಗಳೆರಡೂ ಕೂಡಿಕೊಂಡು ಗಡಿಯನ್ನು ತಾವೇ ಗುರುತಿಸುತ್ತವೆ. ಪಶ್ಚಿಮದಲ್ಲಿ ಅಂಥ ಆಸರೆಯಿಲ್ಲದ ಕಾರಣ, ಎಡೆದೊರೆ ಎಲ್ಲಿ ಮುಗಿದು ನೆರೆಯ ನಾಡು ಎಲ್ಲಿ ಆರಂಭವಾಗುತ್ತಿತ್ತು ಎಂಬುದನ್ನು ಊರೂರಿನ ಶಾಸನಗಳನ್ನು ಓದಿಯೇ ನಿರ್ಧರಿಸಬೇಕು. ಇಂದು ತೆಲಂಗಾಣಕ್ಕೆ ಸೇರಿರುವ ಗದ್ವಾಲ ಸೀಮೆಯೂ ಇದೇ ಎರಡು ನದಿಗಳ ನಡುವಿನದು, ಅಲ್ಲಿನವರು ಅದನ್ನು ‘ನಡಿಗಡ್ಡ’ ಎನ್ನುತ್ತಾರೆ. ರಾಜ್ಯದ ಗಡಿ ಅಡ್ಡಬಂದಿತೆಂಬ ಮಾತ್ರಕ್ಕೆ ಎಡೆದೊರೆಯ ಚರಿತ್ರೆ ಬರೆಯುವವರು ಆ ಭಾಗವನ್ನು ಕೈಬಿಡುವುದು ಸರಿಯಲ್ಲ.