ನಾಲ್ಕು ಮೊಟ್ಟೆ

ಇವತ್ತು ನಮ್ಮ ಚರ್ಚಿನಲ್ಲಿ ಬೆಳೆ ಹಬ್ಬ. ಆರಾಧನೆ ಮುಗಿದ ಮೇಲೆ, ಜನ ಕಾಣಿಕೆಯಾಗಿ ತಂದದ್ದನ್ನೆಲ್ಲ ಎಂದಿನಂತೆ ಚರ್ಚಿಗಾಗಿ ಏಲಂ. ಕುಂಬಳಕಾಯಿ, ಬಾಳೆಗೊನೆ, ನಾಟಿಕೋಳಿ, ಕೇಕು. ಒಂದು ತೆಂಗಿನಕಾಯಿ 800 ರೂಪಾಯಿಗೆ ಹೋಯಿತು. ಕೊಂಡವರು ಅದನ್ನೇ ಮತ್ತೆ ಏಲಂಗೆ ಕೊಟ್ಟರು! ನಾನೂ ಜೋಶ್‌ನಲ್ಲಿ ಕೈ ಎತ್ತಿದೆ. ನಿಜ ಹೇಳಬೇಕೆಂದರೆ ಅರ್ಧ ದೇವರಿಗೆ, ಇನ್ನರ್ಧ ಮೈಕ್‌ನಲ್ಲಿ ಹೆಸರು ಕೂಗುತ್ತಾರಲ್ಲ, ಅದಕ್ಕೆ.

ಮೇಜಿನ ತುದಿಯಲ್ಲಿ ಒಂದು ಬಟ್ಟಲು, ಅದರಲ್ಲಿ ನಾಲ್ಕು ಮೊಟ್ಟೆ. ಹಿಂದಿನ ಬೆಂಚಿನ ಅಜ್ಜಿ ತಂದದ್ದು. ಅವರಿಗೆ ಇರುವುದೇ ಎರಡು ಕೋಳಿ. "ಈ ವಾರ ಇಟ್ಟಿದ್ದು ಇಷ್ಟೇ ಕಣಪ್ಪ" ಅಂತ ನಕ್ಕರು.

ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದ ಬಡ ವಿಧವೆ ನೆನಪಾದಳು. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಅವಳು ಹಾಕಿದ ಎರಡು ಕಾಸು ಆಗಿನ ಒಂದು ದಿನದ ಕೂಲಿಯಲ್ಲಿ 64ರಲ್ಲಿ ಒಂದು ಪಾಲು. ಈಗಿನ ಲೆಕ್ಕದಲ್ಲಿ 640 ರೂಪಾಯಿ ಕೂಲಿಗೆ ಬರೀ ಹತ್ತು ರೂಪಾಯಿ. ಇದ್ದದ್ದು ಎರಡು ಕಾಸು, ಒಂದನ್ನಾದರೂ ಇಟ್ಟುಕೊಳ್ಳಬಹುದಿತ್ತು ಅಲ್ವಾ? ನಾನಾಗಿದ್ದರೆ ಖಂಡಿತ ಇಟ್ಟುಕೊಳ್ಳುತ್ತಿದ್ದೆ. ಮನೆಯಲ್ಲೇ ಲೆಕ್ಕ ಹಾಕಿ ಕಾಣಿಕೆ ಕವರ್ ಅಂಟಿಸಿಕೊಂಡು ಬರುವ ಗಿರಾಕಿ ನಾನು. ಸಂತೋಷವಾಗಿ ಕೊಡುವವರನ್ನು ದೇವರು ಪ್ರೀತಿಸುತ್ತಾನೆ ಅಂತ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದಿದ್ದಾನೆ. ಅಜ್ಜಿಯ ಆ ನಗು ನೋಡಿದ ಮೇಲೆ ಆ ಮಾತು ಸ್ವಲ್ಪ ಅರ್ಥವಾಯಿತು.

ಮೊಟ್ಟೆ ನಾನೇ ತಗೊಂಡೆ. ಎಷ್ಟಕ್ಕೆ ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ.