ಐಹೊಳೆ ಟೂರ್ ಮತ್ತು ಎರಡು ಮಾರ್ಕಿನ ಪ್ರಶ್ನೆ

ಮಗಳ ಹೈಸ್ಕೂಲ್ ಟೂರು ಬಾದಾಮಿ, ಐಹೊಳೆ, ಪಟ್ಟದಕಲ್ಲು ಮುಗಿಸಿ ಈಗ ವಿಜಯಪುರದಲ್ಲಿದೆ. ಗ್ರೂಪಿನಲ್ಲಿ ಬೆಳಗಿನಿಂದ ಬರೀ ಫೋಟೋಗಳು. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನ ಇದೆಯಲ್ಲ, ರವಿಕೀರ್ತಿ ಬರೆದದ್ದು, ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ ಸುದ್ದಿ ಇರುವುದು, ಅದನ್ನು ನಾವೆಲ್ಲ ಎರಡು ಮಾರ್ಕಿಗೆ ಬಾಯಿಪಾಠ ಮಾಡಿದವರು. ಇವಳು ಅದರ ಮುಂದೆ ನಿಂತು, "ಅಪ್ಪಾ, ಅಕ್ಷರ ಎಷ್ಟು ನೀಟಾಗಿದೆ ನೋಡಿ" ಅಂತ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.

ಶಾಲೆಯ ಬೋರ್ಡಿನಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಇಷ್ಟು ತೆಗೆದವರು ಅಂತ ಹೆಸರು ಬರೆಯುತ್ತಾರೆ. ಬರೆಯಲಿ, ಓದಿದ ಮಕ್ಕಳ ಕಷ್ಟ ಸಣ್ಣದಲ್ಲ. ಆದರೆ ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಹುಡುಗನಿಗೆ ಒಬ್ಬಳು ತನ್ನ ಕಿಟಕಿ ಸೀಟು ಬಿಟ್ಟುಕೊಟ್ಟು ದಾರಿಯುದ್ದಕ್ಕೂ ನಿಂತೇ ಹೋದಳಂತೆ, ಅದಕ್ಕೆ ಯಾವ ಬೋರ್ಡೂ ಇಲ್ಲ, ಅಲ್ವಾ? ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿ ಏನೂ ಕೇಳಿಸಲಿಲ್ಲವಂತೆ. ಆಮೇಲೆ ಮೇಷ್ಟ್ರು ಒಬ್ಬೊಬ್ಬರಿಗೇ ಸರದಿ ಕೊಟ್ಟರು. ಆಗ ಕೇಳಿಸಿತು.

ದುಡ್ಡು ಕಟ್ಟಲಾಗದೆ ಉಳಿದ ಮಕ್ಕಳೂ ಇದ್ದಾರೆ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಈ ವಿಷಯ ಎತ್ತಬೇಕು, ಯಾರು ಜೊತೆಗಿದ್ದೀರಿ ಹೇಳಿ.